ಮೇಟ್ರನ್ನಿನ ಮಂತ್ರಕೋಡಿ

ಶೈನಿ ಬೀರುವಿನ ಮೇಲಿನ ಅರೆಯಿಂದ ರಟ್ಟಿನ ಪೆಟ್ಟಿಗೆ ಇಳಿಸಿ, ಅದಕ್ಕೆ ಸುತ್ತಿದ್ದ ಬಿಳಿ ಪಟ್ಟಿಯ ಗಂಟನ್ನು ಉಗುರಿನಿಂದ ಕೆದಕುತ್ತಿದ್ದಳು. ಬ್ಯಾಂಡೇಜಿಗೆ ಹಾಕುವ ಗಂಟು ಅದು. ಅಮ್ಮ, ಮನೆಯವರ ಬಾಯಲ್ಲಿ ಅಮ್ಮಚ್ಚಿ, ಸಕ್ಕರೆ ಪೊಟ್ಟಣಕ್ಕೂ ಅದನ್ನೇ ಹಾಕುತ್ತಿದ್ದಳು. ಶೈನಿಯೂ ನರ್ಸೇ, ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಇಂಥ ಗಂಟು ದಿನವೂ ಬಿಚ್ಚುವವಳು. ಆದರೆ ನಿನ್ನೆಯಷ್ಟೇ ವಿಮಾನ ಇಳಿದಿದ್ದಳು, ರಾತ್ರಿಯೆಲ್ಲ ಎದ್ದಿದ್ದಳು. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದಳು. ಮುಚ್ಚಳ ತೆಗೆದರೆ ತೆಳ್ಳನೆಯ ಕಾಗದ, ಅದರ ಮೇಲೆ ಹೊಸದಾಗಿ ಇಟ್ಟ ನುಸಿಗುಳಿಗೆಗಳು. ಕಾಗದ ಎತ್ತಿದಳು. ಕೆಳಗೆ ಇನ್ನೊಂದು ಕಾಗದ. ಅದನ್ನೂ ಎತ್ತಿದಳು. ಸೀರೆ ಇರಲಿಲ್ಲ.

"ಸಿಜೀ!"

ತಮ್ಮನ ಹೆಂಡತಿ ಸಿಜಿ ಅಡುಗೆಮನೆಯಿಂದ ಕರಿಕಾಪಿಯ ಕೆಟಲ್ ಹಿಡಿದುಕೊಂಡೇ ಬಂದಳು.

"ಅಮ್ಮಚ್ಚಿಯ ಮಂತ್ರಕೋಡಿ ಎಲ್ಲಿ?"

"ಪೆಟ್ಟಿಗೇಲೇ ಇದೆಯಲ್ಲ ಚೇಚಿ."

"ಪೆಟ್ಟಿಗೆ ಇದೆ. ಒಳಗೆ ನೀನೇ ನೋಡು."

ಸಿಜಿ ನೋಡಿದಳು. ಕೆಟಲನ್ನು ನೆಲದ ಮೇಲಿಟ್ಟು, ಕಾಗದಗಳನ್ನು ಮತ್ತೆ ಮತ್ತೆ ಎತ್ತಿ ನೋಡಿದಳು. ಇಷ್ಟಗಲದ ಪೆಟ್ಟಿಗೆಯಲ್ಲಿ ಒಂದು ರೇಷ್ಮೆ ಸೀರೆ ಎಲ್ಲಿ ತಾನೇ ಅಡಗಿ ಕೂತೀತು?

ಪಕ್ಕದ ಹಜಾರದಲ್ಲಿ ಅಮ್ಮಚ್ಚಿ ತ್ರೇಸ್ಯಾಮ್ಮ ಹೆಣ ಇಡುವ ಗಾಜಿನ ತಂಪುಪೆಟ್ಟಿಗೆಯಲ್ಲಿ ಮಲಗಿದ್ದಳು. ಮುಂಡಕಯಂ ಪೇಟೆಯಿಂದ ಮೇಲಿನ ಬೆಟ್ಟಗಳ ತನಕ ಯಾರ ಬಾಯಲ್ಲೂ ಆಕೆ ತ್ರೇಸ್ಯಾಮ್ಮ ಅಲ್ಲ, ಮೇಟ್ರನ್. ಕೈಗೆ ಬಿಳಿ ಗ್ಲೌಸು, ಬೆರಳ ನಡುವೆ ಜಪಸರ, ತಲೆಗೆ ಹೂವಿನ ಕಿರೀಟ, ಎಲ್ಲ ಆಗಿತ್ತು. ಒಂದೇ ಬಾಕಿ. ಮದುವೆಯ ದಿನ ಪಾದ್ರಿ ಮಂತ್ರಿಸಿ ಕೊಟ್ಟು, ಗಂಡ ತಲೆಯ ಮೇಲೆ ಹೊದಿಸಿದ ಸೀರೆಯನ್ನು ಹೆಂಗಸು ಜೋಪಾನವಾಗಿ ಎತ್ತಿಡುತ್ತಾಳೆ, ಮಣ್ಣಿಗೆ ಹೋಗುವ ದಿನ ಅದನ್ನೇ ಹೊದ್ದು ಹೋಗುತ್ತಾಳೆ. ಅದಿಲ್ಲದೆ ಹೋದ ಹೆಂಗಸನ್ನು ಈ ಊರಿನ ಇಗರ್ಜಿ ಕಂಡಿರಲಿಲ್ಲ. ಮಧ್ಯಾಹ್ನದ ಮೇಲೆ ಪಾದ್ರಿ ಬರುವವರಿದ್ದರು.

"'ನನ್ನನ್ನ ಇದರಲ್ಲೇ ಕಳಿಸಬೇಕು' ಅಂತ ಅಮ್ಮಚ್ಚಿ ನಾನು ಚಿಕ್ಕೋಳಿದ್ದಾಗಿಂದ ಹೇಳ್ತಿದ್ರು ಸಿಜಿ. ಬೇರೆ ಏನೂ ಕೇಳಲಿಲ್ಲ ನನ್ನ ಹತ್ರ. ಫೋನಲ್ಲಿ ಒಂದು ಸೋಪು ಕೇಳಲಿಲ್ಲ. ಇದೊಂದೇ ಕೇಳಿದ್ದು. ಇದನ್ನೂ ಮಾಡದೆ ನಾನು ಹೇಗೆ ವಾಪಸ್ಸು ಹೋಗ್ಲಿ?"

"ಪ್ರತಿವರ್ಷ ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚೆ ಅವರೇ ಪೆಟ್ಟಿಗೆ ಇಳಿಸೋರು ಚೇಚಿ. ಬಾಗಿಲು ಹಾಕ್ಕೊಂಡು ಗುಳಿಗೆ ಬದಲಾಯಿಸಿ, ಕಟ್ಟಿ, ಮೇಲಿಡೋರು. ಈ ವರ್ಷ ಕೈ ಮೇಲೆ ಏಳಲಿಲ್ಲ, ನನ್ನ ಹತ್ರ ಇಳಿಸ್ಕೊಂಡ್ರು. ಆದರೆ ತೆಗೆಯೋಕೆ ಬಿಡಲಿಲ್ಲ, ಹೊರಗೆ ಹೋಗು ಅಂದ್ರು."

"ಅಂದ್ರೆ ಈ ವರ್ಷದ ತನಕ ಇತ್ತು ಅಂತಾಯ್ತು."

ಈ ಮಾತು ಬಂದದ್ದು ಬಾಗಿಲಿನಿಂದ. ನೆರೆಮನೆಯ ಪೆಣ್ಣಮ್ಮ ಚೇಡತ್ತಿ, ಸಾವಿನ ಮನೆ ಎಂದರೆ ಬೇರೆಲ್ಲ ಕೆಲಸ ಬದಿಗಿಟ್ಟು ಬರುವವಳು, ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿ ಅರ್ಧ ತಿಂದ ಬನ್ನಿತ್ತು.

"ನಾನೇನು ಯಾರನ್ನೂ ಹೇಳ್ತಿಲ್ಲಪ್ಪ. ಸಿಜಿಯ ಪುಟ್ಟಿ ಮಗಳ ಮೊದಲ ಪರಮಪ್ರಸಾದದ ದಿನ ಆ ಫ್ರಾಕು ನೋಡಿದಾಗಲೇ ಅಂದ್ಕೊಂಡೆ, ಎಂಥ ಚೆಂದದ ಜರಿ, ಈಗೆಲ್ಲ ಇಂಥ ಜರಿ ಎಲ್ಲಿ ಸಿಗುತ್ತೆ ಅಂತ."

ಸಿಜಿಯ ಮುಖ ಬಿಳಿಚಿಕೊಂಡಿತು. "ಅದು ಸೀರೆ ಕತ್ತರಿಸಿದ್ದಲ್ಲ ಚೇಡತ್ತಿ, ಕಟ್ಟಪ್ಪನ ಊರಿನ ಪೇಟೇಲಿ ತಗೊಂಡದ್ದು. ಅಂಗಡಿ ಬೇಕಾದ್ರೆ ತೋರಿಸ್ತೀನಿ."

"ನಾನೇನಂದೆ ಈಗ? ಚೆಂದ ಇತ್ತು ಅಂದೆ."

ಶೈನಿ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಸಿಜಿಗೆ ಚುಚ್ಚಿತು. ವರ್ಷಕ್ಕೂ ಹೆಚ್ಚು ಕಾಲ ಅತ್ತೆಯ ಮಲಮೂತ್ರ ಬಳಿದವಳು ಅವಳು. ವಿಡಿಯೊದಲ್ಲಿ ಕೈ ಬೀಸಿದವಳು ಶೈನಿ. ಇವತ್ತು ಪೆಟ್ಟಿಗೆ ಖಾಲಿ ಇದ್ದದ್ದಕ್ಕೆ ಊರೆಲ್ಲ ಯಾರ ಮುಖ ನೋಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಇಳಿಸುವಾಗ ಹಗುರ ಅನ್ನಿಸ್ತು," ಎಂದಳು, ತನಗೇ ಹೇಳಿಕೊಂಡ ಹಾಗೆ. "ಹಳೇ ರೇಷ್ಮೆ, ಹಗುರ ಇರುತ್ತೆ ಅಂದ್ಕೊಂಡೆ."

"ಕೊನೇಲಿ ಏನಾದ್ರೂ ಹೇಳಿದ್ರಾ? ಯಾರಿಗಾದ್ರೂ ಕೊಟ್ಟೆ ಅಂತ?" ಎಂದು ಕೇಳಿದಳು ಶೈನಿ.

"ಕೊನೇಲಿ ಮಾತೇ ಇರಲಿಲ್ಲ ಚೇಚಿ. 'ತಿರುಗು' ಅನ್ನೋರು. ಅಷ್ಟೇ. ಯಾರು ಹತ್ರ ಹೋದ್ರೂ 'ತಿರುಗು, ಬೆನ್ನು ತೋರಿಸು.' ಮುಖ ನೋಡಿದ್ರೆ ಗುರುತು ಸಿಗ್ತಿರಲಿಲ್ಲ. ಬೆನ್ನು ತೋರಿಸಿ ಕೂತ್ರೆ ಬೆರಳಲ್ಲಿ ಏನೋ ಬರೆಯೋರು. ನಿಧಾನಕ್ಕೆ, ಒತ್ತಿ ಒತ್ತಿ. ಬರೆದಾದ ಮೇಲೆ 'ಹೂಂ, ಹೋಗು' ಅನ್ನೋರು. ನನ್ನ ಹೆಸರು ಬರೀತಾರೆ ಅಂತ ಮೊದಲು ಖುಷಿಯಾಗ್ತಿತ್ತು. ಆಮೇಲೆ ಗೊತ್ತಾಯ್ತು, ನನ್ನ ಹೆಸರಲ್ಲ."

"ಮತ್ತೆ ಯಾರದು?"

"ಗೊತ್ತಿಲ್ಲ. ದಿನಾ ಅದೇ ಹೆಸರು."

ಪೆಣ್ಣಮ್ಮ ಬನ್ನು ತಿನ್ನುವುದನ್ನು ನಿಲ್ಲಿಸಿ ಶಿಲುಬೆಯ ಗುರುತು ಹಾಕಿಕೊಂಡಳು.

*

ಕೋವಿಡ್ಡಿನ ಎರಡನೇ ಅಲೆ ಬೆಟ್ಟ ಹತ್ತಿ ಬಂದಾಗ ತ್ರೇಸ್ಯಾಮ್ಮ ನಿವೃತ್ತಿಯಾಗಿ, ಅಂಗಳದಲ್ಲಿ ಕಾಳುಮೆಣಸು ಒಣಗಿಸಿಕೊಂಡು ಇದ್ದಳು. ಪೇಟೆಯ ಆಸ್ಪತ್ರೆಯಿಂದ ಆಡಳಿತಾಧಿಕಾರಿಯೇ ಫೋನು ಮಾಡಿದರು. "ಹಾಸಿಗೆ ಇದೆ, ಆಮ್ಲಜನಕ ಇದೆ, ಡಾಕ್ಟರುಗಳೂ ಇದ್ದಾರೆ. ನರ್ಸುಗಳಿಲ್ಲ. ನೀವು ಕರೆದರೆ ಬರ್ತಾರೆ. ನಾವು ಕರೆದರೆ ಫೋನೇ ಎತ್ತಲ್ಲ."

ಆಕೆ ಆಸ್ಪತ್ರೆಯ ಜೀಪು ಹತ್ತಿದಳು. ಆ ಬೆಟ್ಟಗಳ ನರ್ಸು ಹುಡುಗಿಯರೆಲ್ಲ ಆಕೆಯ ಕೈಯಲ್ಲಿ ಪಳಗಿದವರೇ. ಮದುವೆಯಾಗಿ ಕೆಲಸ ಬಿಟ್ಟವಳು ಯಾವ ತಿರುವಿನಲ್ಲಿದ್ದಾಳೆ, ಇಂಗ್ಲಿಷ್ ಪರೀಕ್ಷೆ ಪಾಸಾಗದೆ ವೀಸಾಕ್ಕೆ ಕಾಯುತ್ತಿರುವವಳು ಯಾವ ಏಲಕ್ಕಿ ತೋಟದ ಹಿಂದೆ ಇದ್ದಾಳೆ, ಎಲ್ಲ ತಲೆಯಲ್ಲಿತ್ತು. ಕೆಲವರು ಜೀಪು ಕಂಡ ಕೂಡಲೇ ಬಾಗಿಲು ಹಾಕಿಕೊಂಡರು. ಕೆಲವರು ಕಿಟಕಿಯಿಂದ "ಮೇಟ್ರನ್, ಹಾಲು ಕುಡಿಯೋ ಮಗು ಇದೆ, ಕ್ಷಮಿಸಿ," ಎಂದು ಅತ್ತರು. ಆದರೂ ದಿನಕ್ಕೆ ಒಬ್ಬಿಬ್ಬರು ಬಟ್ಟೆ ಚೀಲ ಹಿಡಿದು ಜೀಪು ಹತ್ತುತ್ತಿದ್ದರು. ಮೇಟ್ರನ್ ಕಣ್ಣೆದುರು ನಿಂತು ಕೇಳಿದರೆ ಇಲ್ಲವೆನ್ನುವುದು ಅವರಿಗೆ ಕಷ್ಟವಾಗುತ್ತಿತ್ತು. ಅದು ಆಕೆಗೂ ಗೊತ್ತಿತ್ತು.

ಉಪ್ಪುತರದ ಮೇಲಿನ ಇಳಿಜಾರಿನಲ್ಲಿ ಡೆಲ್ನಳ ಮನೆ. ತಾಯಿ ಏಲಿಕುಟ್ಟಿ ಬೇಯಿಸಿದ ಮರಗೆಣಸು, ಜೀರಿಗೆ ಮೆಣಸಿನ ಚಟ್ನಿ ತಂದು ದೂರದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು. ಆಗ ಎಲ್ಲರೂ ಹಾಗೇ ಉಪಚಾರ ಮಾಡುತ್ತಿದ್ದದ್ದು.

"ಮಗಳ ಮನಸ್ಸಮ್ಮತ ಆಗಿದೆ ಮೇಟ್ರನ್, ಇಗರ್ಜೀಲಿ ನಿಶ್ಚಯ ಆಯ್ತು. ಮಳೆ ಬಿಟ್ಟ ಮೇಲೆ ಮದುವೆ. ಗಂಡಿನ ಕಡೆಯೋರು ಮಂತ್ರಕೋಡಿ ಕೂಡ ತಗೊಂಡಾಯ್ತು."

"ತಿಳಿನೀಲಿ," ಎಂದಳು ಡೆಲ್ನ ಒಳಗಿನಿಂದ. "ನಾನು ಬೇಡ ಬೇಡ ಅಂದ್ರೂ ನೀಲಿ."

"ನೀನು ಸುಮ್ನಿರು. ಮೇಟ್ರನ್, ನೇರವಾಗಿ ಕೇಳ್ತೀನಿ. ಕೋವಿಡ್ ವಾರ್ಡಿಗೆ ಹಾಕ್ತೀರಾ?"

"ಇಲ್ಲ. ಹೆರಿಗೆ ವಾರ್ಡು. ಅಲ್ಲಿ ಇದ್ದೋರನ್ನೆಲ್ಲ ಕೋವಿಡ್ ಕಡೆ ಎಳ್ಕೊಂಡಿದ್ದೀನಿ. ಹೆರಿಗೆ ಏನು ಅಲೆ ಮುಗೀಲಿ ಅಂತ ಕಾಯುತ್ತಾ?"

"ಆಣೆ ಮಾಡಿ ಹೇಳ್ತೀರಾ?"

"ಮದುವೆಗೆ ನಾನೇ ಕರ್ಕೊಂಡ್ಬಂದು ಈ ಅಂಗಳದಲ್ಲಿ ಬಿಡ್ತೀನಿ ಏಲಿಕುಟ್ಟಿ. ಸಾಕಾ?"

ಅಷ್ಟು ಹೊತ್ತಿಗೆ ಡೆಲ್ನ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬಂದಾಗಿತ್ತು. "ಅಮ್ಮ, ಮೇಟ್ರನ್ ಹೆಣ್ಣು ನೋಡೋಕೆ ಬಂದಿಲ್ಲ, ಕಾಪಿ ಕುಡಿದು ಮಾತುಕತೆ ಆಡೋಕೆ. ಜೀಪು ಕಾಯ್ತಿದೆ."

ಮೂವರೂ ನಕ್ಕರು. ಆ ಹೊತ್ತಿನಲ್ಲಿ ತ್ರೇಸ್ಯಾಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ನಿಜವಾಗಿಯೂ ನರ್ಸುಗಳು ಬೇಕಾಗಿದ್ದರು.

*

ಸಾವಿನ ಮನೆಗೆ ಊಟದ ಹೊತ್ತಿಗೆ ಆಸ್ಪತ್ರೆಯ ವ್ಯಾನು ಬಂತು. ಬಿಳಿ ಉಡುಪಿನ ಹುಡುಗಿಯರು ಸಾಲಾಗಿ ಇಳಿದು ಮೇಟ್ರನ್ನಿನ ಕಾಲ ಬಳಿ ನಿಂತರು. ಮುಂದೆ ಇದ್ದವಳು ಮರ್ಸಿ. ಆ ವರ್ಷಗಳಲ್ಲಿ ಮೇಟ್ರನ್ನಿನ ಬಲಗೈ ಆಗಿದ್ದವಳು, ಈಗ ಅದೇ ಆಸ್ಪತ್ರೆಯಲ್ಲಿ ಆಕೆಯ ಕುರ್ಚಿಯಲ್ಲಿ ಕೂರುವವಳು.

ನೇರಪ್ರಸಾರದ ವಿಡಿಯೊದವನು ಕುರ್ಚಿ ಹತ್ತಿ, "ಸಿಸ್ಟರ್, ಸ್ವಲ್ಪ ಎಡಕ್ಕೆ. ಕುವೈತ್‌ನಲ್ಲಿರೋ ಮಗನಿಗೆ ಮುಖ ಕಾಣ್ತಿಲ್ವಂತೆ," ಎಂದ.

ತಲೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಂಡ ಕುರಿಯಾಚನ್ ಕೂತಿದ್ದರು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಸೀರೆ ಕಾಣೆಯಾದ ಸುದ್ದಿಯನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ಗಾಜಿನ ಮೂಲಕ ಅವರು ನೋಡುತ್ತಿದ್ದದ್ದು ಮುಖವನ್ನಲ್ಲ, ಸೀರೆ ಇರಬೇಕಾಗಿದ್ದ ಜಾಗವನ್ನು. ಹೆಂಡತಿಯ ತಲೆಗೆ ಅದನ್ನು ಹೊದಿಸಿದವರು ಅವರೇ ಅಲ್ಲವೇ.

ಅಂಗಳದಲ್ಲಿ ಗುಸುಗುಸು ಎದ್ದಿತು. ಕೆಳಗೆ ರಸ್ತೆಯಲ್ಲಿ ಒಂದು ಬಾಡಿಗೆ ಜೀಪು ನಿಂತಿತ್ತು. ಅದರಿಂದ ಇಳಿದ ಹೆಂಗಸು ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿ ಬಂದಳು. ಮಂಡಿನೋವು. ಮರ್ಸಿ ಅವಳನ್ನು ನೋಡಿದವಳೇ ಗೋಡೆಗೆ ಸರಿದಳು.

"ಯಾರು?" ಎಂದಳು ಶೈನಿ.

"ಏಲಿಕುಟ್ಟಿ," ಎಂದಳು ಮರ್ಸಿ. "ಡೆಲ್ನಳ ಅಮ್ಮ. ನಮ್ಮ ವಾರ್ಡಲ್ಲಿ ತೀರಿಕೊಂಡ ಹುಡುಗಿ. ಮೇಟ್ರನ್ ಕರ್ಕೊಂಡ್ಬಂದಿದ್ದೋಳು."

ಆ ಹೆಸರು ಕಿವಿಗೆ ಬಿದ್ದಾಗ ಸಿಜಿ ಕಾಪಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳ ಬೆನ್ನ ಮೇಲೆ ಅತ್ತೆಯ ಬೆರಳು ಮತ್ತೆ ಒತ್ತಿ ಒತ್ತಿ ಬರೆಯತೊಡಗಿದ ಹಾಗಾಯಿತು. ಡೆಲ್ನ. ದಿನವೂ ಬರೆದದ್ದು ಇದೇ. ಅವಳು ಗೋಡೆಗೆ ಬೆನ್ನು ಒತ್ತಿ ನಿಂತಳು, ಆದರೂ ಅದು ನಿಲ್ಲಲಿಲ್ಲ.

ಏಲಿಕುಟ್ಟಿ ಹಜಾರಕ್ಕೆ ಬಂದಳು. ಜನ ದಾರಿ ಬಿಟ್ಟರು. ಯಾರೋ ಕುರ್ಚಿ ಎಳೆದರು, ಕೂರಲಿಲ್ಲ.

"ಪ್ರತಿವರ್ಷ ಅವಳು ಹೋದ ದಿನ ಈಯಮ್ಮ ನನ್ನ ಗೇಟಿಗೆ ಬಂದು ನಿಲ್ತಿದ್ಲು," ಎಂದಳು. ಯಾರನ್ನು ಕುರಿತೂ ಅಲ್ಲ, ದನಿ ಎತ್ತಿಯೂ ಅಲ್ಲ. "ಬಿಸಿಲಿರಲಿ ಮಳೆಯಿರಲಿ, ಸಂಜೆ ತನಕ. ನಾನು ಬಾಗಿಲು ತೆಗೀಲಿಲ್ಲ. ಹೋದ ವರ್ಷ ಬರಲಿಲ್ಲ. ಮೈ ಹುಷಾರಿಲ್ಲ ಅಂತ ಆಮೇಲೆ ಗೊತ್ತಾಯ್ತು. ಇವತ್ತು ನಾನೇ ಬಂದಿದ್ದೀನಿ."

"ಕೂತ್ಕೊಳ್ಳಿ ಚೇಚಿ," ಎಂದಳು ಶೈನಿ.

"ಕೂರೋಕೆ ಬಂದಿಲ್ಲ ಮೋಳೆ, ಮಗಳೇ. ನೋಡೋಕೆ ಬಂದೆ. ನನ್ನ ಮಗಳನ್ನ ಚೀಲದಲ್ಲಿ ಜಿಪ್ಪು ಎಳೆದು ಕಳಿಸಿದೋಳು, ತಾನು ಏನು ಹೊದ್ದುಕೊಂಡು ಹೋಗ್ತಾಳೆ ಅಂತ ನೋಡಬೇಕಿತ್ತು. ಅಷ್ಟೇ."

ಅವಳು ಗಾಜಿನ ಮೇಲೆ ಬಾಗಿದಳು. ತುಂಬ ಹೊತ್ತು ನೋಡಿದಳು. ಬಿಳಿ ಸೀರೆ, ಹಳೆಯದು, ಡ್ಯೂಟಿಗೆ ಉಡುತ್ತಿದ್ದದ್ದು. ಬೇರೇನೂ ಇರಲಿಲ್ಲ. ಅವಳು ತಲೆ ಎತ್ತಿ ಶೈನಿಯ ಕಡೆ, ಆಮೇಲೆ ಸಿಜಿಯ ಕಡೆ ನೋಡಿದಳು.

"ಎಲ್ಲಿ? ಇವಳ ಮಂತ್ರಕೋಡಿ ಎಲ್ಲಿ?"

ಪೆಣ್ಣಮ್ಮನ ಬಾಯಿ ಸುಮ್ಮನಿರಲು ಕಲಿತದ್ದಲ್ಲ. "ಬೆಳಗಿಂದ ಹುಡುಕ್ತಿದ್ದಾರೆ. ಪೆಟ್ಟಿಗೆ ಖಾಲಿ. ಮನೆಯೋರ ಕೈಯೇ," ಎಂದು ಶುರುಮಾಡಿದಳು.

"ಸಾಕು ಚೇಡತ್ತಿ!" ಮರ್ಸಿ ಕಿರುಚಿದಳು. ಎಲ್ಲರೂ ತಿರುಗಿದರು. ವಿಡಿಯೊದವನು ತಾನಾಗಿಯೇ ಕ್ಯಾಮೆರಾ ಇಳಿಸಿದ. "ಯಾರೂ ಕದ್ದಿಲ್ಲ. ಆ ಸೀರೆ ನಾಲ್ಕು ವರ್ಷದಿಂದ ಈ ಮನೇಲಿಲ್ಲ. ಉಪ್ಪುತರದ ಸ್ಮಶಾನದಲ್ಲಿದೆ. ನಿಮ್ಮ ಮಗಳ ಮೈಮೇಲಿದೆ ಏಲಿಕುಟ್ಟಿ ಚೇಚಿ."

*

ಬಿಳಿ ಸೂಟು, ಮುಖಕ್ಕೆ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡ ಮೇಲೆ ಕೋವಿಡ್ ವಾರ್ಡಿನಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಮೇಟ್ರನ್ ಒಂದು ದಪ್ಪ ಕರಿ ಪೆನ್ನು ಹಿಡಿದು ಬಾಗಿಲಲ್ಲಿ ಕೂರುತ್ತಿದ್ದಳು. ಒಳಗೆ ಹೋಗುವ ಪ್ರತಿಯೊಬ್ಬಳೂ ಆಕೆಯೆದುರು ತಿರುಗಿ ನಿಲ್ಲಬೇಕು. "ತಿರುಗು." ಬೆನ್ನ ಮೇಲೆ ಹೆಸರು ಬರೆದಾದ ಮೇಲೆ, "ಹೂಂ, ಹೋಗು." ಒಳಗಿನ ಗಾಜಿನಿಂದ ಆಕೆ ಬೆನ್ನುಗಳನ್ನು ಎಣಿಸುತ್ತ ಕೂರುತ್ತಿದ್ದಳು. ಯಾರು ನೀರು ಕುಡಿದು ಎಷ್ಟು ಹೊತ್ತಾಯಿತು, ಯಾರ ನಡಿಗೆ ತೂರಾಡುತ್ತಿದೆ, ಯಾರನ್ನು ಹೊರಗೆ ಕರೆಯಬೇಕು, ಎಲ್ಲ ಬೆನ್ನು ನೋಡಿಯೇ.

ಒಂದು ಬೆಳಿಗ್ಗೆ ಆ ವಾರ್ಡಿನ ಅರ್ಧದಷ್ಟು ಹುಡುಗಿಯರು ಜ್ವರ ಬಂದು ಹಾಸ್ಟೆಲಿನಿಂದ ಏಳಲಿಲ್ಲ. ಒಬ್ಬಳ ಅಪ್ಪ ಬೈಕಿನಲ್ಲಿ ಬಂದು ಗೇಟಿನಿಂದಲೇ ಮಗಳನ್ನು ಕೂರಿಸಿಕೊಂಡು ಹೋದ. ಉಳಿದವರು ಹಿಂದಿನ ದಿನದಿಂದ ಸೂಟು ಬಿಚ್ಚಿರಲಿಲ್ಲ. ಮೇಟ್ರನ್ ಹೆರಿಗೆ ವಾರ್ಡಿಗೆ ಹೋಗಿ ಬಾಗಿಲಲ್ಲಿ ನಿಂತಳು. ಡೆಲ್ನ ಆಗಷ್ಟೇ ಹುಟ್ಟಿದ ಕೂಸಿನ ಕಿವಿ ಒರೆಸುತ್ತಿದ್ದಳು. ಮೇಟ್ರನ್ ಇನ್ನೂ ಬಾಯಿ ತೆರೆದಿರಲಿಲ್ಲ.

"ಗೊತ್ತಾಯ್ತು," ಎಂದಳು ಡೆಲ್ನ. "ಬರ್ತೀನಿ. ಅಮ್ಮನಿಗೆ ಮಾತ್ರ ಹೇಳಬೇಡಿ."

ಬೇಡ, ನೀನು ಇಲ್ಲೇ ಇರು ಎನ್ನಬಹುದಾಗಿತ್ತು. ಮೇಟ್ರನ್ ಅನ್ನಲಿಲ್ಲ. ಕೂಸನ್ನು ತಾನು ಎತ್ತಿಕೊಂಡು, ಅವಳಿಗೆ ಕೈ ತೊಳೆಯಲು ದಾರಿ ಬಿಟ್ಟಳು.

ಅಂದಿನಿಂದ ಪ್ರತಿ ಸಂಜೆ ಏಲಿಕುಟ್ಟಿ ಫೋನು ಮಾಡಿ, "ಇವತ್ತು ಎಷ್ಟು ಮಕ್ಕಳು?" ಎಂದು ಕೇಳುವಳು. ಸೂಟು ಬಿಚ್ಚಿ, ಬೆವರಿಗೆ ಮೈಯೆಲ್ಲ ಸುಕ್ಕಾದ ಡೆಲ್ನ ಗೋಡೆಗೊರಗಿ ಕೂತು ಮಾತಿನಲ್ಲೇ ಮಕ್ಕಳನ್ನು ಹುಟ್ಟಿಸುವಳು. "ಎರಡು ಗಂಡು, ಒಂದು ಹೆಣ್ಣು ಅಮ್ಮ. ಹೆಣ್ಣಿಗೆ ತಲೆ ತುಂಬ ಕೂದಲು." ಕೆಲವು ದಿನ ಅವಳಿ ಕೂಡ. ಪಕ್ಕದಲ್ಲಿ ಕೂತ ಮೇಟ್ರನ್ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆಯೂ ಆ ಫೋನು ಕೈಗೆ ತೆಗೆದುಕೊಳ್ಳಲಿಲ್ಲ.

ಬೆನ್ನ ಮೇಲೆ ಬರೆಯುವಾಗ ಡೆಲ್ನ ನೆಟ್ಟಗೆ ನಿಲ್ಲುತ್ತಿರಲಿಲ್ಲ. "ಅಯ್ಯೋ ಮೇಟ್ರನ್, ಕಚಗುಳಿ!" ಎಂದು ಕುಣಿಯುವಳು, ಅಕ್ಷರ ಸೊಟ್ಟಗಾಗುವುದು. ಆ ಸೊಟ್ಟ ಅಕ್ಷರದಿಂದಲೇ ದೂರದಿಂದ ಅವಳ ಗುರುತು ಸಿಗುತ್ತಿತ್ತು. ಒಂದು ದಿನ ಬರೆದು ಮುಗಿಸುವ ತನಕ ಅವಳು ಅಲ್ಲಾಡಲಿಲ್ಲ. ಅಕ್ಷರ ಚೆಂದವಾಗಿ ಬಂತು. ಪೆನ್ನಿನ ಮುಚ್ಚಳ ಹಾಕುವಾಗ ತ್ರೇಸ್ಯಾಮ್ಮನಿಗೆ ಭಯವಾಯಿತು. ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು.

ಅವಳು ಹೋದ ಬೆಳಿಗ್ಗೆ ಉಪ್ಪುತರದ ಮನೆಯ ಗೇಟಿಗೆ ಪಂಚಾಯಿತಿಯವರು ಹಗ್ಗ ಕಟ್ಟಿದ್ದರು. ಏಲಿಕುಟ್ಟಿಗೂ ಗಂಡನಿಗೂ ಜ್ವರ. ಬರುವಂತಿರಲಿಲ್ಲ. ಫೋನಿನಲ್ಲಿ ಅವಳು ಅಳಲಿಲ್ಲ, ಬೈಯಲಿಲ್ಲ. ಒಂದೇ ಕೇಳಿದಳು. "ಮೇಟ್ರನ್, ಈಗ ಅವಳ ಮೈಮೇಲೆ ಏನಿದೆ?"

ತ್ರೇಸ್ಯಾಮ್ಮ ಫೋನಿಟ್ಟಳು. ಜೀಪು ತೆಗೆಸಿ ಮನೆಗೆ ಹೋದಳು. ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಗಿ, ಯಾರನ್ನೂ ಮಾತಾಡಿಸದೆ, ಒಂದು ಕೈಚೀಲ ಹಿಡಿದು ಹೊರಬಂದಳು. ಶವಾಗಾರದಲ್ಲಿ ಮರ್ಸಿಯನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು ಬಾಗಿಲು ಹಾಕಿದಳು. ಒಮ್ಮೆ ಮುಚ್ಚಿದ ಚೀಲವನ್ನು ತೆರೆಯಬಾರದೆಂದು ಅಲ್ಲಿಯ ಎಲ್ಲರಿಗೂ ಹೇಳಿಕೊಟ್ಟವಳು ಆಕೆಯೇ. ಆಕೆಯೇ ಜಿಪ್ಪು ಎಳೆದಳು. ಮದುವೆಯಲ್ಲಿ ಹೊದಿಸುವ ಹಾಗೆ ಮೊದಲು ತಲೆಗೆ, ಆಮೇಲೆ ಹೆಗಲಿಗೆ, ಆಮೇಲೆ ಕಾಲಿನ ತನಕ. ನೆರಿಗೆ ಸರಿಯಾಗಿ ಕೂರಲಿಲ್ಲವೆಂದು ಬಿಚ್ಚಿ ಮತ್ತೆ ಹೊದಿಸಿದಳು. ಚೀಲ ಮುಚ್ಚಿ, ಕಿಸೆಯಿಂದ ಕರಿ ಪೆನ್ನು ತೆಗೆದು ಅದರ ಮೇಲೆ ಹೆಸರು ಬರೆದಳು. ಈ ಸಲವೂ ಅಕ್ಷರ ಸೊಟ್ಟಗಾಗಲಿಲ್ಲ.

*

ಮರ್ಸಿ ಹೇಳಿ ಮುಗಿಸಿದಾಗ ಸಿಜಿ ಕಾಪಿ ಲೋಟಗಳ ತಟ್ಟೆಯನ್ನು ನೆಲಕ್ಕಿಟ್ಟಳು.

"ಆ ದಿನ," ಎಂದಳು ಸಿಜಿ ನಿಧಾನವಾಗಿ, "ಅಡುಗೆಮನೆ ಬಾಗಿಲಿಂದ ಬಂದಿದ್ರು. ನಾನು ಒಲೆ ಮುಂದೆ ಇದ್ದೆ. ಏನು ಅಮ್ಮಚ್ಚಿ ಅಂದೆ. ಮಾತಾಡಲಿಲ್ಲ. ನಮಗೆ ಅಂಟುತ್ತೆ ಅಂತ ಹೆದರಿದ್ದಾರೆ ಅಂದ್ಕೊಂಡೆ."

ಏಲಿಕುಟ್ಟಿ ಗಾಜಿನ ಅಂಚು ಹಿಡಿದುಕೊಂಡಿದ್ದಳು. "ನನಗ್ಯಾಕೆ ಹೇಳಲಿಲ್ಲ? ನಾಲ್ಕು ವರ್ಷ. ನಾಲ್ಕು ವರ್ಷ ನಾನು ರಾತ್ರಿ ಎದ್ದು ಮನಸ್ಸಲ್ಲೇ ಆ ಜಿಪ್ಪು ಎಳೀತೀನಿ. ಒಳಗೆ ಅವಳು ಬರೀ ಮೈಯಲ್ಲಿರ್ತಾಳೆ. ನನಗ್ಯಾಕೆ ಹೇಳಲಿಲ್ಲ ಈ ಪಾಪಿ?"

"ಮೊದಲು, ಚೀಲ ತೆಗೆದದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅಂತ. ಆಮೇಲೆ ನಾನೇ ಹೇಳಿದೆ, ಹೇಳಿಬಿಡಿ ಮೇಟ್ರನ್, ಈಗ ಯಾರೂ ಕೇಳಲ್ಲ ಅಂತ. ಅವರು ಒಪ್ಪಲಿಲ್ಲ." ಮರ್ಸಿ ಕಣ್ಣು ಒರೆಸಿಕೊಂಡಳು. "'ಹೇಳಿದ್ರೆ ಏಲಿಕುಟ್ಟಿ ನನ್ನನ್ನ ಕ್ಷಮಿಸಿಬಿಡ್ತಾಳೆ ಮರ್ಸಿ. ಒಂದು ಸೀರೆ ಕೊಟ್ಟು ತಪ್ಪಿಸಿಕೊಂಡ ಹಾಗಾಗುತ್ತೆ' ಅಂದ್ರು."

ಶೈನಿ ಬಾಯಿಗೆ ಕೈ ಒತ್ತಿಕೊಂಡಳು. ಪ್ರತಿವರ್ಷ ಬಾಗಿಲು ಹಾಕಿಕೊಂಡು, ಖಾಲಿ ಪೆಟ್ಟಿಗೆಗೆ ಹೊಸ ನುಸಿಗುಳಿಗೆ ಇಟ್ಟು ಬ್ಯಾಂಡೇಜಿನ ಗಂಟು ಹಾಕುವ ಅಮ್ಮನನ್ನು ಅವಳು ನೋಡಿದಂತಾಯಿತು. ಎಷ್ಟೋ ಭಾನುವಾರ ಫೋನಿನಲ್ಲಿ ಮಾತಾಡಿದ್ದಳು. ಹವೆ ಹೇಗಿದೆ, ಮಾತ್ರೆ ತಗೊಂಡ್ರಾ, ಅಷ್ಟೇ. ತನಗೆ ಈ ಹೆಂಗಸು ಗೊತ್ತೇ ಇರಲಿಲ್ಲವೆಂದು ಅವಳಿಗೆ ಅಳು ಬಂತು.

"ಕೊಟ್ಟುಬಿಟ್ಲಾ?"

ಕುರಿಯಾಚನ್. ಬೆಳಗಿನಿಂದ ಮೊದಲ ಮಾತು. ಎಲ್ಲರೂ ಅವರ ಕಡೆ ನೋಡಿದರು. ಅವರು ಗಾಜಿನೊಳಗಿನ ಮುಖವನ್ನು ನೋಡುತ್ತ ತಲೆಯಾಡಿಸಿದರು. "ನನಗೆ ಹೇಳಬಹುದಿತ್ತು ಕಣೇ. ನಾನು ಬೇಡ ಅಂತಿದ್ನಾ?"

ಏಲಿಕುಟ್ಟಿ ಅವರ ಮುಂದೆ ಹೋಗಿ ನಿಂತಳು. ಬಂದಾಗಿನ ದನಿ ಇರಲಿಲ್ಲ.

"ಚೇಟಾ, ಯಾವ ಬಣ್ಣ?"

ಕುರಿಯಾಚನ್ ಕೈ ಎತ್ತಿ ಗೋಡೆ ತೋರಿಸಿದರು. ಅಲ್ಲಿ ಅವರ ಮದುವೆಯ ಫೋಟೊ ತೂಗುತ್ತಿತ್ತು. ಅಗಲ ಕಾಲರಿನ ಕೋಟು ಹಾಕಿದ ಬಡಕಲು ಗಂಡು. ಪಕ್ಕದಲ್ಲಿ ತಲೆಯ ಮೇಲಿಂದ ಸೀರೆ ಹೊದ್ದ ಹೆಣ್ಣು, ನಗಬೇಕೋ ಬೇಡವೋ ತಿಳಿಯದ ಮುಖ. ಕಪ್ಪು ಬಿಳುಪು ಚಿತ್ರ. ಏಲಿಕುಟ್ಟಿ ಕಣ್ಣು ಕಿರಿದುಮಾಡಿ ನೋಡಿದಳು. ಸೀರೆ ಬೂದು ಬಣ್ಣವಾಗಿ ಕಾಣುತ್ತಿತ್ತು.

"ಮಾವಿನ ಚಿಗುರು," ಎಂದರು ಕುರಿಯಾಚನ್. "ಆಗತಾನೇ ಬಿಟ್ಟದ್ದು, ಇನ್ನೂ ಹಸಿರಾಗದ್ದು ಇರುತ್ತಲ್ಲ, ಅದು. ಅಂಚು ಚಿನ್ನ. ಕೋಟ್ಟಯಂ ಅಂಗಡೀಲಿ ನಮ್ಮಮ್ಮ ಹಸಿರು ತಗೋ ಅಂದ್ಲು. ನಾನು ಇದೇ ಬೇಕು ಅಂದೆ. ನಾಚಿಕೆ ಬಿಟ್ಟು ಅಂದೆ."

"ನೀಲಿ ಅಲ್ವಾ?"

"ನೀಲಿ ಅಲ್ಲ."

"ಅವಳಿಗೆ ನೀಲಿ ಇಷ್ಟ ಇರಲಿಲ್ಲ," ಎಂದಳು ಏಲಿಕುಟ್ಟಿ. ಅಷ್ಟು ಹೇಳಿ ನೆಲದ ಮೇಲೆ ಕೂತುಬಿಟ್ಟಳು. ಬಂದಾಗಿನಿಂದ ತಡೆದದ್ದೆಲ್ಲ ಆಗ ಬಂತು. ಅವಳು ಅತ್ತದ್ದು ಮೇಟ್ರನ್ನಿಗಾಗಿ ಎಂದು ಕೆಲವರು ಆಮೇಲೆ ಹೇಳಿದರು. ಅಲ್ಲ. ಮಗಳಿಗಾಗಿ ಅವಳು ಅವತ್ತು ಮೊದಲ ಸಲ ಅತ್ತದ್ದು.

ಪಾದ್ರಿಯವರ ಕಾರು ಕೆಳಗೆ ಹಾರ್ನ್ ಮಾಡಿತು. ಶೈನಿ ಒಳಗೆ ಹೋಗಿ, ಸುಮ್ಮನೆ ಮೈಗೆ ಹೊದಿಸಲು ತಂದಿದ್ದ ಬಿಳಿ ಬಟ್ಟೆ ಹಿಡಿದು ಬಂದಳು. "ಸಿಜಿ, ಆ ಕಡೆ ಹಿಡ್ಕೋ." ಸಿಜಿ ಹಿಡಿದಳು. ಇಬ್ಬರೂ ಸೇರಿ ಗಾಜು ಎತ್ತಿ ಅದನ್ನೇ ಹೊದಿಸಿದರು. ಹೊದಿಸುವಾಗ ಶೈನಿ ಸಿಜಿಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ನಾನು ಫ್ರಾಕಿನ ವಿಷಯ ಸುಮ್ಮನೆ ಅಂದದ್ದು ಮೋಳೆ," ಎಂದಳು ಪೆಣ್ಣಮ್ಮ.

"ಕಟ್ಟಪ್ಪನ ಊರಿಂದ ತಂದದ್ದು ಚೇಡತ್ತಿ. ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿ," ಎಂದಳು ಸಿಜಿ, ಕಣ್ಣೀರು ಸುರಿಯುತ್ತಿದ್ದರೂ.

ಏಲಿಕುಟ್ಟಿ ಗೋಡೆ ಹಿಡಿದು ಎದ್ದಳು. ಮತ್ತೆ ಫೋಟೊದ ಕೆಳಗೆ ಹೋಗಿ ನಿಂತಳು. "ಇದನ್ನ ನನಗೆ ಕೊಡ್ತೀರಾ? ನನ್ನ ಮಗಳು ಹೊದ್ದಿರೋ ಸೀರೆಯ ಫೋಟೊ ನನ್ನ ಹತ್ರ ಇಲ್ಲ."

ಶೈನಿ ಅಪ್ಪನ ಮುಖ ನೋಡಿದಳು. ಕುರಿಯಾಚನ್ ಒಂದು ಗಳಿಗೆ ಫೋಟೊವನ್ನೇ ನೋಡುತ್ತ ಕೂತರು. ಇನ್ನು ಆ ಮನೆಯಲ್ಲಿ ಅವರ ಹೆಂಡತಿಯ ಮದುವೆಯ ಮುಖ ಬೇರೆಲ್ಲೂ ಇರಲಿಲ್ಲ. ಆಮೇಲೆ ಹೂಂ ಎಂದರು. ವಿಡಿಯೊದವನ ಕುರ್ಚಿ ಎಳೆದುಕೊಂಡು ಶೈನಿ ಹತ್ತಿದಳು. ಮೊಳೆಯಿಂದ ಚಿತ್ರ ಇಳಿಸಿ, ಜೇಡರ ಬಲೆ ಒರೆಸಿ, ಎರಡೂ ಕೈಯಲ್ಲಿ ಕೊಟ್ಟಳು.

"ಇಗರ್ಜಿಗೆ ಬನ್ನಿ ಚೇಚಿ. ಗಂಜಿ ಕುಡಿದು ಹೋಗಿ."

"ಇಲ್ಲ ಮೋಳೆ. ಅಷ್ಟು ದೊಡ್ಡ ಮನಸ್ಸಿನವಳಲ್ಲ ನಾನು," ಎಂದಳು ಏಲಿಕುಟ್ಟಿ.

ಶವಪೆಟ್ಟಿಗೆ ಹೊತ್ತವರು ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಬಾಡಿಗೆ ಜೀಪು ಇನ್ನೂ ಅಲ್ಲೇ ಇತ್ತು. ಮೆರವಣಿಗೆ ಹೋಗಲೆಂದು ಡ್ರೈವರ್ ಪಕ್ಕಕ್ಕೆ ಹಾಕಿ ನಿಲ್ಲಿಸಿದ್ದ. ಮುಂದೆ ಶಿಲುಬೆ, ಹಿಂದೆ ಬಿಳಿ ಉಡುಪಿನ ಹುಡುಗಿಯರು. ಅವರ ಬೆನ್ನುಗಳು ಒಂದೊಂದಾಗಿ ಜೀಪು ದಾಟಿ ಮುಂದೆ ಹೋದವು. ಏಲಿಕುಟ್ಟಿ ಹಿಂದಿನ ಸೀಟಿನಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ. ಮಡಿಲಲ್ಲಿ ಮದುವೆಯ ಫೋಟೊ. ಅಂಗೈಯಿಂದ ಹೆಣ್ಣಿನ ಮುಖವನ್ನು ಮುಚ್ಚಿದ್ದಳು, ಸೀರೆ ಮಾತ್ರ ಕಾಣುವ ಹಾಗೆ.